ಶಾಲಿಗೆ ಒಂದೂವರೆ ತಾಸು, ಪಾರಿಜಾತಕ್ಕೆ ಹತ್ತು ನಿಮಿಷ

ಮಾನ್ಯ ಸಂಪಾದಕರೆ,

ಬೆಳಗಾವಿಯಲ್ಲಿ ನಡೆದ ಗಡಿನಾಡ ಸಾಹಿತ್ಯ ಪರಂಪರೆಯ ವಿಚಾರ ಸಂಕಿರಣ ‘ಅರ್ಥಪೂರ್ಣವಾಗಿ ಜರುಗಿತು’ ಎಂಬ ಸೋಮವಾರದ ವರದಿ ಓದಿದೆ. ನಿಮ್ಮ ವರದಿಗಾರರು ಫೋಟೊ ತೆಗೆದುಕೊಂಡು ಎಷ್ಟೊತ್ತಿಗೆ ಹೋದರೋ, ನಾನಂತೂ ಕೊನೆತನಕ ಕೂತವನು.

ಆಮಂತ್ರಣದಲ್ಲಿ ಹತ್ತು ಗಂಟೆ ಅಂತಿತ್ತು. ನಂಬಿದ್ದು ನನ್ನ ತಪ್ಪು. ಮಂಡಿನೋವು ಇಟ್ಟುಕೊಂಡು ಗೋಕಾಕದಿಂದ ಆರರ ಬಸ್ಸಿಗೆ ನಿಂತೇ ಬಂದೆ. ಮುಖ್ಯ ಅತಿಥಿಗಳು ದಯಮಾಡಿಸಿದ್ದು ಹನ್ನೆರಡೂವರೆಗೆ. ಆಮೇಲೆ ಸನ್ಮಾನ. ಒಂದೂವರೆ ತಾಸು ಶಾಲು ಹೊದಿಸಿದ್ದೇ ಹೊದಿಸಿದ್ದು. ಹೊದಿಸಿದವರಿಗೂ ಮತ್ತೆ ಹೊದಿಸಿದರು. ಉಪ್ಪಿಟ್ಟು ನಮ್ಮ ಸಾಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಂಡಿತ್ತು.

ಅತಿಥಿಗಳು ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿನ 1967ರ ಮಹಾಜನ ವರದಿಯನ್ನು ಐವತ್ತು ನಿಮಿಷ ವಿವರಿಸಿದರು. ಬೇಡವೆನ್ನುವುದಿಲ್ಲ. ಆದರೆ ಗಡಿ ಅಂದರೆ ಬರೀ ತಂಟೆಯೇ? ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ ನಾಡೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಒಕ್ಕುಂದ ನಮ್ಮ ಬೈಲಹೊಂಗಲ ಸೀಮೆಯದು. ಬೆಟಗೇರಿ ಕೃಷ್ಣಶರ್ಮರು, ಕಟ್ಟೀಮನಿ, ಘೋಡಗೇರಿಯ ಕಂಬಾರರು, ಈ ಸಾಹಿತಿಗಳೆಲ್ಲ ಇದೇ ಜಿಲ್ಲೆಯವರು. ಅತ್ತ ಭೀಮಾ ತೀರದ ಹಲಸಂಗಿ ಗೆಳೆಯರು ಬೀಸುಕಲ್ಲಿನ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು, ಅವರಿಗೇನು ಪ್ರಯಾಣ ಭತ್ಯೆಯ ಬಿಲ್ಲು ಇತ್ತೇ? ಲಾವಣಿಯಂತೂ ಆಚೆಯ ಮರಾಠಿಯಲ್ಲೂ ಉಂಟು, ಈಚೆಯ ಕನ್ನಡದಲ್ಲೂ ಉಂಟು. ಇದರಲ್ಲಿ ಒಂದಕ್ಷರವೂ ವೇದಿಕೆಯಿಂದ ಬರಲಿಲ್ಲ. ಬದಲಿಗೆ ನಿರೂಪಕರು ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮಾತು ತೆಗೆದು ‘ಪಾರಿಜಾತದ ಮಹಾನ್ ಕಲಾವಿದ ಕೌಜಲಗಿ ನಿಂಗಪ್ಪ’ ಎಂದರು. ನಿಂಗಮ್ಮ ಸ್ವಾಮಿ, ನಿಂಗಮ್ಮ! ಆಕೆ ಹೆಣ್ಣುಮಗಳು. ಚಪ್ಪಾಳೆ ಬೇರೆ.

ಸಂಗ್ಯಾ ಬಾಳ್ಯಾ ಎಂಬ ಜನಪದ ಆಟದ ಕುರಿತು ಪ್ರಬಂಧ ತಂದಿದ್ದ ಹುಡುಗಿಗೆ ಸಿಕ್ಕಿದ್ದು ಐದು ನಿಮಿಷ. ಸಂಗ್ಯಾನ ಕೊಲೆಯತನಕವೂ ಬಂದಿರಲಿಲ್ಲ, ‘ಮುಗಿಸಿ’ ಎಂಬ ಚೀಟಿ ಬಂತು.

ಹೊಟ್ಟೆ ಉರಿದದ್ದು ಪಾರಿಜಾತದವರನ್ನು ಕಂಡು. ಪಾರಿಜಾತಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಸೀಮೆಯ ಮೇಳ, ರಾತ್ರಿಯಿಡೀ ಆಡುವ ಆಟ. ಮುಂಜಾನೆ ಒಂಬತ್ತಕ್ಕೇ ಬಣ್ಣ ಹಚ್ಚಿ ಮೆಟ್ಟಿಲ ಕೆಳಗೆ ಕೂಡಿಸಿದ್ದರು. ಸಂಜೆ ನಾಲ್ಕಕ್ಕೆ ಗೊಲ್ಲತಿ ವೇಷದ ಅಜ್ಜನ ಗಲ್ಲದ ಬಣ್ಣ ಬೆವರಿಗೆ ಇಳಿದು ಕುಪ್ಪಸದ ಕೊರಳಿಗೆ ಹತ್ತಿತ್ತು. ‘ಮಾಸ್ತರ, ಒಂದs ಹಾಡು ಹಾಡ್ರಿ, ಸಾಕು ಅಂತಾರ್ರೀ’ ಅಂದ. ಹತ್ತೇ ನಿಮಿಷ. ಸತ್ಯಭಾಮೆಗೆ ಸಿಟ್ಟು ಬರುವ ಮೊದಲೇ ಮೈಕಿನವನಿಗೆ ಬಂತು; ವೈರು ಸುತ್ತತೊಡಗಿದ.

ಇದೇ ಅಜ್ಜ ಮಾಸಾಶನಕ್ಕೆ ಅರ್ಜಿ ಕೊಟ್ಟಾಗ ಕಚೇರಿಯೊಂದರಲ್ಲಿ ‘ನೀವು ಕಲಾವಿದರು ಅನ್ನಲು ಪುರಾವೆ ಏನು’ ಎಂದು ಮೂರು ಸಲ ತಿರುಗಿ ಕಳಿಸಿದ್ದಾರೆ. ಅಲ್ಲೇ ಒಂದು ಪದ ಹಾಡಿಸಿದ್ದರೆ ಆಗುತ್ತಿರಲಿಲ್ಲವೇ? ಕೇಳುವ ಕಿವಿ ಬೇಕಲ್ಲ. ನಮ್ಮೂರ ಗ್ರಂಥಾಲಯದ ಕೀಲಿಯೂ ಇಂಥವರ ಕೈಯಲ್ಲೇ ಇದೆ. ಸಿಬ್ಬಂದಿ ಇಲ್ಲವೆಂದು ವರ್ಷದಿಂದ ತೆರೆದಿಲ್ಲ, ಒಳಗೆ ಇಲಿಗಳು ಮಾತ್ರ ಓದುತ್ತಿವೆ. ರಸ್ತೆಯ ವಿಷಯ ಬರೆದರೆ ಇನ್ನೊಂದು ಪತ್ರವಾದೀತು.

ಕೊನೆಯ ಬಸ್ಸು ತಪ್ಪಿ, ಟೆಂಪೊ ಹಿಡಿದು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಛತ್ರಿ ಸಭಾಂಗಣದಲ್ಲೇ ಉಳಿಯಿತು.

ಸಂಬಂಧಪಟ್ಟವರು ಮುಂದಿನ ಸಲವಾದರೂ ಹೇಳಿದ ಹೊತ್ತಿಗೆ ಶುರು ಮಾಡಲಿ, ಮೇಳದವರಿಗೆ ಒಂದು ರಾತ್ರಿ ಬಿಟ್ಟುಕೊಡಲಿ. ಇಲ್ಲವೇ ಇಂಥ ಸಂಕಿರಣಗಳನ್ನು ನಿಲ್ಲಿಸಿ ಶಾಲಿನ ಅಂಗಡಿಯನ್ನೇ ಇಟ್ಟುಬಿಡಲಿ. ನಾಚಿಕೆಯಾದರೂ ಬೇಡವೇ ಇವರಿಗೆ?

– ನಿವೃತ್ತ ಶಿಕ್ಷಕ, ಗೋಕಾಕ ತಾಲ್ಲೂಕು