ಬಿಲ್ ಅಸಲಿ, ಹಾಕಿಕೊಟ್ಟ ಆಫೀಸ್ ನಕಲಿ: ಕಂಪ್ಯೂಟರ್ ಮಾರಿದವರಿಗೆ ದೂರು ಪತ್ರ

ಇಂದ:
ಮಾಲೀಕರು, ಟೈಪಿಂಗ್ ಮತ್ತು ಡಿಟಿಪಿ ಸೆಂಟರ್, ತಿಪಟೂರು

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಮುಖ್ಯ ಕಚೇರಿ, ಬೆಂಗಳೂರು

ವಿಷಯ: ಆಫೀಸ್ ಹೋಮ್ ಅಂಡ್ ಬಿಸಿನೆಸ್ 2021ಕ್ಕೆ ಹಣ ಪಡೆದು ಕ್ರ್ಯಾಕ್ ಮಾಡಿದ (ಅಸಲಿ ಲೈಸೆನ್ಸ್ ಇಲ್ಲದೆ ಓಡುವ ಹಾಗೆ ಮಾಡಿದ) ಆಫೀಸ್ ಹಾಕಿಕೊಟ್ಟಿರುವುದು ಮತ್ತು ನನ್ನನ್ನು ಕೇಳದೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿರುವುದು.

ಮಾನ್ಯರೇ,

ಈ ವರ್ಷ ಯುಗಾದಿಗೆ ಮುಂಚೆ ನಿಮ್ಮ ತುಮಕೂರು ಶಾಖೆಯಲ್ಲಿ ಒಂದು ಡೆಸ್ಕ್‌ಟಾಪ್ ತೆಗೆದುಕೊಂಡೆ. ಅದರ ಜೊತೆಗೆ ಮೈಕ್ರೋಸಾಫ್ಟ್ ಆಫೀಸ್ ಹೋಮ್ ಅಂಡ್ ಬಿಸಿನೆಸ್ 2021 ಕೂಡ ಕೊಂಡೆ. ನಿಮ್ಮ ಬಿಲ್‌ನಲ್ಲಿ ಆಫೀಸ್‌ಗೆ ಬೇರೆ ಸಾಲು ಇದೆ, ಅದರ ಮೇಲೆ ಶೇ. 18 ಜಿಎಸ್‌ಟಿ ಇದೆ. ಕೌಂಟರ್‌ನಲ್ಲಿದ್ದವರು ಮೊದಲು ಹೋಮ್ ಅಂಡ್ ಸ್ಟೂಡೆಂಟ್ ತೋರಿಸಿದ್ದರು, ಅದರ ಬೆಲೆ ಕಡಿಮೆ. ಅದು ಮನೆ ಬಳಕೆಗೆ ಮಾತ್ರ, ಅಂಗಡಿ ಕೆಲಸಕ್ಕೆ ಬಳಸುವ ಹಾಗಿಲ್ಲ, ಅದರಲ್ಲಿ ಇ-ಮೇಲ್‌ಗೆ ಬಳಸುವ ಔಟ್‌ಲುಕ್ ಕೂಡ ಬರುವುದಿಲ್ಲ. ಹಾಗಾಗಿ ಜಾಸ್ತಿ ದುಡ್ಡಾದರೂ ಪರವಾಗಿಲ್ಲ, ನಿಯಮದ ಪ್ರಕಾರ ಇರಲಿ ಎಂದು ಬಿಸಿನೆಸ್ ಆವೃತ್ತಿಯನ್ನೇ ಕೇಳಿ ತೆಗೆದುಕೊಂಡೆ.

ಮಾರನೇ ದಿನ ನಿಮ್ಮ ಹುಡುಗ ಬಂದು ಎಲ್ಲ ಹಾಕಿಕೊಟ್ಟು ಹೋದ. ಆಫೀಸನ್ನು ಆಕ್ಟಿವೇಟ್ ಮಾಡುವ ಕೀ (ಲೈಸೆನ್ಸ್ ಸಂಖ್ಯೆ) ಇರುವ ಕಾರ್ಡ್ ಎಲ್ಲಿ ಎಂದು ಕೇಳಿದೆ. "ಈಗೆಲ್ಲ ಕಾರ್ಡ್ ಬರಲ್ಲ ಮೇಡಂ, ಆನ್‌ಲೈನ್‌ನಲ್ಲೇ ಆಕ್ಟಿವೇಟ್ ಆಗಿದೆ" ಎಂದ. ಅಕೌಂಟ್ ಪುಟದಲ್ಲಿ "ಪ್ರಾಡಕ್ಟ್ ಆಕ್ಟಿವೇಟೆಡ್" ಎಂದು ಇತ್ತು. ನಂಬಿದೆ. ನಿಮ್ಮದು ಬೋರ್ಡ್ ಹಾಕಿಕೊಂಡು, ಜಿಎಸ್‌ಟಿ ಬಿಲ್ ಕೊಟ್ಟು ವ್ಯಾಪಾರ ಮಾಡುವ ಸಂಸ್ಥೆ. ನಂಬಬಾರದು ಎನ್ನಲು ಕಾರಣವೇ ಇರಲಿಲ್ಲ.

ದಸರಾ ಮುಗಿದ ಮೇಲೆ ವರ್ಡ್ ತೆಗೆದರೆ ಮೇಲೆ ಕೆಂಪು ಪಟ್ಟಿ ಬಂತು. "ಪ್ರಾಡಕ್ಟ್ ಆಕ್ಟಿವೇಶನ್ ಫೇಲ್ಡ್" ಎಂದು ಬರೆದಿತ್ತು. ಎರಡು ದಿನ ಬಿಟ್ಟು, ಆಕ್ಟಿವೇಟ್ ಆಗದ ಕಾರಣ ಹೆಚ್ಚಿನ ಸೌಲಭ್ಯಗಳನ್ನು ನಿಲ್ಲಿಸಿದ್ದೇವೆ ಎಂಬ ಸೂಚನೆ ಬಂತು. ಫೈಲ್ ತೆರೆಯುತ್ತದೆ, ತಿದ್ದಲು ಬಿಡುವುದಿಲ್ಲ. ಮುಂದೆ ಲಗ್ನದ ಸೀಸನ್. ಅಂಗಡಿಯಲ್ಲಿ ಆಮಂತ್ರಣ ಪತ್ರಿಕೆಯ ಕರಡುಗಳು ಸಾಲುಗಟ್ಟಿ ಕೂತಿದ್ದವು. ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಿಕೊಳ್ಳಲು ಹಳ್ಳಿಯಿಂದ ಬಂದವರು ಬಸ್ಸಿನ ಹೊತ್ತು ನೋಡುತ್ತಾ ಬೆಂಚಿನ ಮೇಲೆ ಕಾಯುತ್ತಿದ್ದರು. ಅವರಿಗೆ ನಾಳೆ ಬನ್ನಿ ಎಂದು ಹೇಳುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯಬೇಕು.

ನಿಮ್ಮ ಸರ್ವೀಸ್ ನಂಬರಿಗೆ ಫೋನ್ ಮಾಡಿದೆ. ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಕ್ವಿಕ್ ರಿಪೇರಿ ಕೊಡಿ ಎಂದರು, ಕೊಟ್ಟೆ. ಏನೂ ಆಗಲಿಲ್ಲ. ಆನ್‌ಲೈನ್ ರಿಪೇರಿ ಕೊಡಿ ಎಂದರು. ಅದು ಆಫೀಸನ್ನು ಇಂಟರ್‌ನೆಟ್‌ನಿಂದ ಮತ್ತೆ ಪೂರ್ತಿ ಇಳಿಸಿಕೊಳ್ಳುತ್ತದೆ. ಅರ್ಧ ದಿನ ಅದಕ್ಕೇ ಹೋಯಿತು, ಕೆಂಪು ಪಟ್ಟಿ ಮಾತ್ರ ಹಾಗೇ ಇತ್ತು. ರಿಪೇರಿ ಮಾಡಿದರೆ ಕೆಟ್ಟ ಫೈಲು ಸರಿಹೋಗಬಹುದು, ಇಲ್ಲದ ಲೈಸೆನ್ಸ್ ಎಲ್ಲಿಂದ ಬರಬೇಕು? ಇದು ನನಗೆ ಈಗ ಗೊತ್ತು. ಅವತ್ತು ಫೋನಿನಲ್ಲಿದ್ದ ನಿಮ್ಮವರಿಗೆ ಆಗಲೇ ಗೊತ್ತಿತ್ತು ಎಂದು ನನ್ನ ಅನುಮಾನ. ಯಾಕೆಂದರೆ ಅವರ ಮುಂದಿನ ಮಾತು, "ಆಂಟಿವೈರಸ್ ಆಫ್ ಮಾಡಿ, ಅದೇ ತೊಂದರೆ ಕೊಡ್ತಿರೋದು."

ಆಮೇಲೆ ನಿಮ್ಮವರೊಬ್ಬರು ರಿಮೋಟ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ದೂರದಿಂದಲೇ, ನನ್ನ ಕಂಪ್ಯೂಟರಿಗೆ ಬಂದರು. ನನ್ನ ಕಣ್ಣೆದುರೇ ಪರದೆಯ ಮೇಲೆ ಬಾಣ ಓಡಾಡಿತು. ವಿಂಡೋಸ್ ಸೆಕ್ಯುರಿಟಿ ತೆರೆದು ಎಕ್ಸ್‌ಕ್ಲೂಷನ್ ಪಟ್ಟಿಗೆ ಸಿ ಡ್ರೈವನ್ನು ಪೂರ್ತಿಯಾಗಿ ಸೇರಿಸಿದರು. ಅಂದರೆ ಆ ಡ್ರೈವಿಗೆ ಏನು ಬಂದು ಕೂತರೂ ಆಂಟಿವೈರಸ್ ನೋಡುವುದಿಲ್ಲ. ಬಳಿಕ ಆಗಲೇ ಇದ್ದ 32 ಬಿಟ್ ಆಫೀಸ್ ಮೇಲೆ 64 ಬಿಟ್ ಆಫೀಸ್ ಹಾಕಲು ಹೋದರು. ಅವೆರಡೂ ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಇರುವುದಿಲ್ಲ. ಮೊದಲು 32 ಬಿಟ್ ಪ್ರೋಗ್ರಾಮ್‌ಗಳನ್ನು ತೆಗೆದು ಮತ್ತೆ ಪ್ರಯತ್ನಿಸಿ ಎಂದು ಸೆಟಪ್ಪೇ ಸೂಚನೆ ಕೊಟ್ಟಿತು. ಅದನ್ನು ಓದಿ ಹಳೆಯದನ್ನು ತೆಗೆದಿದ್ದರೆ ಆ ಅಡ್ಡಿ ಅಲ್ಲಿಗೆ ಮುಗಿಯುತ್ತಿತ್ತು. ಅದರ ಬದಲು ನಿಮ್ಮವರು ನನಗೆ ಹೇಳಿದ್ದು, "ನಿಮ್ಮ ಸಿಸ್ಟಂಗೆ ವೈರಸ್ ಹೊಡೆದಿದೆ ಮೇಡಂ, ಹುಡುಗನ್ನ ಕಳಿಸ್ತೀವಿ." ಇದಕ್ಕೆ ಸರ್ವೀಸ್ ಚಾರ್ಜ್ ಬೇರೆ ಹಾಕಿದರು.

ಹುಡುಗ ಬಂದಾಗ ನಾನು ಬ್ಯಾಂಕಿಗೆ ಹೋಗಿದ್ದೆ. ಅಂಗಡಿಯಲ್ಲಿ ಕೆಲಸದ ಹುಡುಗಿ ಇದ್ದಳು. ಅವಳನ್ನೂ ಕೇಳಲಿಲ್ಲ, ನನಗೂ ಫೋನ್ ಮಾಡಲಿಲ್ಲ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದ್ದ. ಡಿ ಡ್ರೈವ್‌ನಲ್ಲಿದ್ದ ಫೈಲುಗಳು ಉಳಿದವು. ಆದರೆ ಡಾಕ್ಯುಮೆಂಟ್ಸ್ ಒಳಗಿದ್ದ ಔಟ್‌ಲುಕ್ ಡೇಟಾ ಫೈಲ್ ಹೋಯಿತು, ಪ್ರಿಂಟಿಂಗ್ ಪ್ರೆಸ್‌ನವರ ಜೊತೆಗಿನ ಹಳೆಯ ಪತ್ರಗಳೆಲ್ಲ ಅದರಲ್ಲಿದ್ದವು. ನನ್ನ ಫಾಂಟ್‌ಗಳೂ ಎಲ್ಲ ಹೋದವು.

ಫಾಂಟ್ ಹೋಗುವುದು ಎಂದರೆ ಏನು ಎಂದು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮವರು "ಫಾಂಟ್ ತಾನೇ, ಮತ್ತೆ ಹಾಕ್ಕೊಳ್ಳಿ" ಎಂದು ಹೇಳಿ ಫೋನ್ ಇಟ್ಟರು. ನನ್ನ ಬಳಿ ವರ್ಷಗಟ್ಟಲೆಯ ಕೆಲಸ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿದೆ. ಬಾಂಡ್ ಪೇಪರಿನ ನಮೂನೆಗಳು, ಸಂಘಗಳ ಬೈಲಾಗಳು, ಲಗ್ನಪತ್ರಿಕೆಗಳು. ಈಗಿನ ಯುನಿಕೋಡ್ ಪದ್ಧತಿಯಲ್ಲಿ ಟೈಪ್ ಮಾಡಿದ್ದಾಗಿದ್ದರೆ ಯಾವ ಕನ್ನಡ ಫಾಂಟ್ ಇದ್ದರೂ ಓದಬಹುದಿತ್ತು. ಆಸ್ಕಿ ಫೈಲ್ ಹಾಗಲ್ಲ. ಅದೇ ಫಾಂಟ್ ಇಲ್ಲದಿದ್ದರೆ ಕನ್ನಡವೇ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳ ರಾಶಿ ಕಾಣುತ್ತದೆ. "ನ" ಇರಬೇಕಾದ ಕಡೆ ಪೌಂಡ್ ಗುರುತು ಬರುತ್ತದೆ. ನುಡಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಇಳಿಸಿಕೊಂಡೆ, ಆ ಫೈಲುಗಳು ಮತ್ತೆ ಓದಲು ಬಂದವು. ಆದರೆ ಲಗ್ನಪತ್ರಿಕೆಯ ತಲೆಬರಹಕ್ಕೆಂದು ದುಡ್ಡು ಕೊಟ್ಟು ಕೊಂಡಿದ್ದ ಅಲಂಕಾರದ ಫಾಂಟ್‌ಗಳು ಸಿಗಲಿಲ್ಲ. ಅದನ್ನು ಮಾರಿದವರ ಅಂಗಡಿಯೇ ಈಗ ಇಲ್ಲ. ಫಾರ್ಮ್ಯಾಟ್ ಮಾಡುವ ಮುಂಚೆ ಫಾಂಟ್‌ಗಳ ಫೋಲ್ಡರನ್ನು ಡಿ ಡ್ರೈವಿಗೆ ಎಳೆದು ಹಾಕಲು ನಿಮಿಷವೂ ಬೇಕಿರಲಿಲ್ಲ. ಒಂದು ಫೋನ್ ಮಾಡಿದ್ದರೆ ನಾನೇ ಹೇಳುತ್ತಿದ್ದೆ.

ಇಷ್ಟೆಲ್ಲ ಆದಮೇಲೂ ನಿಜ ಗೊತ್ತಾಗಿದ್ದು ನಿಮ್ಮಿಂದಲ್ಲ. ನಮ್ಮ ಅಂಗಡಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುವ ಐಟಿಐ ಮೇಷ್ಟ್ರು ಒಬ್ಬರು ಕೂತು ನೋಡಿದರು. ಆಫೀಸ್ ಫೋಲ್ಡರಿನಲ್ಲೇ ಇರುವ ಒಂದು ಸಣ್ಣ ಸ್ಕ್ರಿಪ್ಟನ್ನು ಕಮ್ಯಾಂಡ್ ಪ್ರಾಂಪ್ಟ್‌ನಿಂದ ಓಡಿಸಿದರೆ ಯಾವ ಲೈಸೆನ್ಸ್, ಯಾವ ದಾರಿಯಿಂದ ಬಂದಿದೆ ಎಂದು ಅದು ತೋರಿಸುತ್ತದೆ. ನನ್ನ ಬಿಲ್ ಪ್ರಕಾರ ಅಲ್ಲಿ "ಹೋಮ್ ಬಿಸಿನೆಸ್, ರೀಟೇಲ್" (ಅಂದರೆ ಬಿಡಿಯಾಗಿ ಗ್ರಾಹಕರಿಗೆ ಮಾರುವ ಲೈಸೆನ್ಸ್) ಎಂದು ಬರಬೇಕಿತ್ತು. ಬಂದಿದ್ದು "ಪ್ರೊ ಪ್ಲಸ್ 2021, ವಾಲ್ಯೂಮ್ ಕೆಎಂಎಸ್ ಕ್ಲೈಂಟ್".

ವಾಲ್ಯೂಮ್ ಲೈಸೆನ್ಸ್ ಎಂದರೆ ದೊಡ್ಡ ಸಂಸ್ಥೆಗಳಿಗೆ ಕೊಡುವಂಥದ್ದು. ಸಂಸ್ಥೆಯ ಒಳಗೆ ಕೆಎಂಎಸ್ ಎಂಬ ಸರ್ವರ್ ಇರುತ್ತದೆ, ಆಫೀಸ್‌ಗೆ ಅದು ಆಕ್ಟಿವೇಶನ್ ಕೊಡಲು ಕನಿಷ್ಠ 5 ಕಂಪ್ಯೂಟರ್ ಬೇಕು. ಒಮ್ಮೆ ಕೊಟ್ಟರೆ 180 ದಿನ ನಡೆಯುತ್ತದೆ, ಅಷ್ಟರೊಳಗೆ ಮತ್ತೆ ಸರ್ವರ್ ಸಿಗಬೇಕು. ನನ್ನ ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರೊಳಗೆ ನಕಲಿ ಸರ್ವರ್‌ನ ವೇಷ ಹಾಕುವ ಕ್ರ್ಯಾಕ್ ಒಂದನ್ನು ಇಟ್ಟು ನೀವು ಆಕ್ಟಿವೇಟ್ ಮಾಡಿದ್ದೀರಿ. ಎಕ್ಸ್‌ಕ್ಲೂಷನ್ ತೆಗೆದು ಸ್ಕ್ಯಾನ್ ಮಾಡಿದ ಕೂಡಲೇ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಅದನ್ನು ಹಿಡಿದು "ಹ್ಯಾಕ್‌ಟೂಲ್, ಆಟೋಕೆಎಂಎಸ್" ಎಂದು ಹೆಸರು ಹಿಡಿದೇ ಹೇಳಿತು. ಯುಗಾದಿಯಿಂದ ದಸರಾಗೆ ಆರು ತಿಂಗಳು. ಕೆಂಪು ಪಟ್ಟಿ ಯಾಕೆ ಆಗಲೇ ಬಂತು ಎಂಬುದಕ್ಕೂ ಉತ್ತರ ಸಿಕ್ಕಿತು, ಅಲ್ವಾ? ಫಾರ್ಮ್ಯಾಟ್ ಆದಮೇಲೂ ಅದನ್ನೇ ಮತ್ತೆ ಹಾಕಿ ಹೋಗಿದ್ದಾರೆ. ಸಿ ಡ್ರೈವಿನ ಎಕ್ಸ್‌ಕ್ಲೂಷನ್ ಕೂಡ ಮತ್ತೆ ಹಾಗೇ ಇತ್ತು.

ಹುಡುಗನ ಮೇಲೆ ನನಗೆ ಕೋಪವಿಲ್ಲ. ಆಮೇಲೆ ಅವನಿಗೇ ಫೋನ್ ಮಾಡಿ ಕೇಳಿದೆ. "ಆಫೀಸಿಂದ ಕೊಟ್ಟಿರೋ ಪೆನ್ ಡ್ರೈವ್ ಮೇಡಂ, ಎಲ್ಲರಿಗೂ ಅದರಿಂದಾನೇ ಹಾಕೋದು" ಎಂದ. ಅವನು ಹೇಳಿದ್ದನ್ನು ಬರೆದಿದ್ದಕ್ಕೆ ಅವನ ಕೆಲಸಕ್ಕೆ ಕುತ್ತು ತರಬೇಡಿ. ಪೆನ್ ಡ್ರೈವ್ ಕೊಟ್ಟವರನ್ನು ಕೇಳಿ.

ನನ್ನ ಅಂಗಡಿಗೆ ಬರುವವರು ಆಧಾರ್, ಪಹಣಿ, ಅಂಕಪಟ್ಟಿ, ಪಾಸ್‌ಬುಕ್‌ನ ಮೊದಲ ಪುಟ ಎಲ್ಲವನ್ನೂ ಸ್ಕ್ಯಾನ್ ಮಾಡಿಸುತ್ತಾರೆ. ಅವರು ನನ್ನ ಮುಖ ನೋಡಿ ಕೊಡುವ ಕಾಗದ ಅದು. ಆರು ತಿಂಗಳಿಗೂ ಹೆಚ್ಚು ಕಾಲ ಆ ಕಾಗದಗಳು ಕ್ರ್ಯಾಕ್ ಕೂತಿದ್ದ ಕಂಪ್ಯೂಟರಿನಲ್ಲಿ ಇದ್ದವು. ಅದರ ಜೊತೆ ಇನ್ನೇನು ಒಳಗೆ ಬಂದಿತ್ತು ಎಂದು ನೀವು ಹೇಳಬಲ್ಲಿರಾ? ನನಗೆ ನಿದ್ದೆ ಬಾರದಿರುವುದು ಇದಕ್ಕೇ, ದುಡ್ಡಿಗಲ್ಲ.

ಇನ್ನೊಂದು ಮಾತು. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಸಾಫ್ಟ್‌ವೇರ್ ಎಂದು ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ನನಗೆ ಗೊತ್ತಾದ ದಿನವೇ ಆ ಆಫೀಸ್ ತೆಗೆದುಹಾಕಿದ್ದೇನೆ. ಪರದೆಯ ಫೋಟೋಗಳನ್ನು ಮೊದಲೇ ತೆಗೆದಿಟ್ಟುಕೊಂಡೆ. ಸದ್ಯಕ್ಕೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲಿ ಕೆಲಸ ನಡೆಸುತ್ತಿದ್ದೇನೆ. ಅದು ಒಳ್ಳೆಯದೇ, ಆದರೆ ಕಚೇರಿಗಳಿಂದ ವರ್ಡ್‌ನಲ್ಲಿ ಬರುವ ಕೋಷ್ಟಕಗಳು ಸಾಲು ತಪ್ಪುತ್ತವೆ, ಕೂತು ಒಂದೊಂದಾಗಿ ಸರಿಮಾಡಬೇಕು. ಕಾನೂನಿನ ಪ್ರಕಾರ ಇರಲಿ ಎಂದು ದುಬಾರಿ ಆವೃತ್ತಿಗೆ ದುಡ್ಡು ಕೊಟ್ಟವಳು ನಾನು. ನನ್ನನ್ನು ಈ ಪರಿಸ್ಥಿತಿಗೆ ತಂದಿದ್ದೀರಿ.

ಈಗ ನೀವು ಮಾಡಬೇಕಾದ್ದು ಇದು. ಅಸಲಿ ರೀಟೇಲ್ ಲೈಸೆನ್ಸ್ ಕೊಡಿ. 25 ಅಕ್ಷರದ ಕೀಯನ್ನು ನನ್ನ ಎದುರೇ ನನ್ನ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಬೇಕು. 2021ರ ಆವೃತ್ತಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ಕ್ಕೆ ನಿಲ್ಲುತ್ತದೆ. ನಾನು ದುಡ್ಡು ಕೊಟ್ಟ ಕಾಲವನ್ನು ನೀವೇ ತಿಂದಿರುವುದರಿಂದ ಹೋಮ್ ಅಂಡ್ ಬಿಸಿನೆಸ್ 2024 ಕೊಡುವುದು ನ್ಯಾಯ. ಅದಾಗದಿದ್ದರೆ ಆಫೀಸ್‌ನ ಪೂರ್ತಿ ಹಣ ಜಿಎಸ್‌ಟಿ ಸಮೇತ ವಾಪಸ್ ಕೊಡಿ. ತೆಗೆದುಕೊಂಡ ಸರ್ವೀಸ್ ಚಾರ್ಜ್ ಅಂತೂ ವಾಪಸ್ ಬರಲೇಬೇಕು. ತಿಳಿದವರೊಬ್ಬರನ್ನು ಕಳಿಸಿ, ನಾನು ಇರುವಾಗ, ನನ್ನ ಫೈಲುಗಳನ್ನೆಲ್ಲ ಕಾಪಿ ಮಾಡಿಕೊಂಡು ಕಂಪ್ಯೂಟರನ್ನು ಶುದ್ಧ ಮಾಡಿಸಿ. ಕಳೆದುಹೋದ ಫಾಂಟ್‌ಗಳಿಗೆ ಬದಲಿ ಕೊಡಿಸಿ. ಆ ಪೆನ್ ಡ್ರೈವ್‌ನಿಂದ ಯಾರಿಗೆಲ್ಲ ಹಾಕಿದ್ದೀರೋ ಅವರಿಗೂ ನೀವೇ ಫೋನ್ ಮಾಡಿ ತಿಳಿಸಬೇಕು. ಅವರಲ್ಲಿ ನನ್ನಂಥ ಅಂಗಡಿಯವರು, ಸೊಸೈಟಿಯವರು ಇರುತ್ತಾರೆ. ಅವರ ಕಂಪ್ಯೂಟರಿನಲ್ಲೂ ಊರವರ ಕಾಗದ ಇರುತ್ತದೆ.

ನನ್ನದು ಅಂಗಡಿ, ಗ್ರಾಹಕರ ಕಾನೂನು ನನಗೆ ಅನ್ವಯಿಸುವುದಿಲ್ಲ ಎಂದು ನಿಮ್ಮ ಶಾಖೆಯವರು ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದಕ್ಕೆ ವಿವರಣೆ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವ ವಸ್ತುವಿಗೆ ನಾವೂ ಗ್ರಾಹಕರೇ. ದೂರನ್ನು ನಾನು ಕೆಲಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು, ಬೆಂಗಳೂರಿಗೆ ಓಡಾಡಬೇಕಿಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಫೋನಿನಲ್ಲಿ ಹೇಳುವುದು ಬೇಡ. ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ತುಮಕೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಜಿಎಸ್‌ಟಿ ಬಿಲ್‌ನ ಪ್ರತಿ, ಸರ್ವೀಸ್ ಚಾರ್ಜ್ ರಸೀದಿ, ಲೈಸೆನ್ಸ್ ವಿವರ ಮತ್ತು ಡಿಫೆಂಡರ್ ಎಚ್ಚರಿಕೆಯ ಪರದೆ ಫೋಟೋಗಳು