ಟೈಟಲ್ ಕಾರ್ಡಿನಲ್ಲಿ ಹೆಸರು

ಪ್ರೀತಿಯ ಅನು,

ನಿನ್ನೆ ನಿಮ್ಮಮ್ಮ ಫೋನ್ ಮಾಡಿ ಪೂರ್ತಿ ನಿನ್ನ ಪುರಾಣವನ್ನೇ ಹೇಳಿದಳು. ಒಂದು ತಿಂಗಳು ಕ್ಯಾಮೆರಾ ಅಸಿಸ್ಟೆಂಟ್, ಮುಂದಿನ ತಿಂಗಳು ಯಾರದೋ ಡಾಕ್ಯುಮೆಂಟರಿಗೆ ಸೌಂಡು, ನಡುವೆ ಮದುವೆ ವಿಡಿಯೋ ಎಡಿಟಿಂಗ್. "ಎರಡು ದೋಣಿ ಮೇಲೆ ಕಾಲಿಟ್ಟಿದ್ದಾಳೆ, ನೆಂಟರು ಕೇಳಿದರೆ ಇವಳ ಕೆಲಸ ಏನು ಅಂತ ಹೇಳಲಿ?" ಅಂತ ಅವಳ ಗೋಳು. ಈಗ ನೀನೂ ಅದನ್ನೇ ತಲೆಗೆ ಹಚ್ಚಿಕೊಂಡು ಕೂತಿದ್ದೀಯಂತೆ. ಅದಕ್ಕೇ ಈ ಪತ್ರ. ವಾಟ್ಸ್ಆ್ಯಪ್‌ನಲ್ಲಿ ಇಷ್ಟುದ್ದ ಬರೆದರೆ ನೀನು ಓದುವವಳಲ್ಲ.

ಟಾಮ್ ಕೋವನ್ ಹೆಸರು ಕೇಳಿದ್ದೀಯಾ? 'ಸಂಸ್ಕಾರ' ಅಂತೂ ನೋಡಿದ್ದೀಯ. ಪ್ರಾಣೇಶಾಚಾರ್ಯರಾಗಿ ಕಾರ್ನಾಡರು, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಎಲ್ಲರಿಗೂ ನೆನಪಿದ್ದಾರೆ. ಶೃಂಗೇರಿ ಸೀಮೆಯ ಆ ಅಗ್ರಹಾರವನ್ನು ಕಪ್ಪು ಬಿಳುಪಿನಲ್ಲಿ ಕ್ಯಾಮೆರಾಕ್ಕೆ ಹಿಡಿದವರು ಆಸ್ಟ್ರೇಲಿಯಾದ ಈ ಕೋವನ್. 1970ರಲ್ಲಿ ಸಿನಿಮಾ ಬಂತು, ಮದ್ರಾಸಿನ ಸೆನ್ಸಾರ್ ಅಡ್ಡಗಾಲು ಹಾಕಿತು, ಆಮೇಲೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಕ್ಯಾಮೆರಾಮನ್ ಮುಂದೆ ಏನು ಮಾಡಿದರು ಅಂತ ಇಲ್ಲಿ ಕೇಳಿದವರು ಕಡಿಮೆ.

ತುಂಬಾನೇ ಮಾಡಿದರು. ಊರಿಗೆ ಹೋಗಿ 1972ರಲ್ಲಿ 'ದಿ ಆಫೀಸ್ ಪಿಕ್ನಿಕ್' ಅಂತ ತಾವೇ ಬರೆದು ನಿರ್ದೇಶಿಸಿದರು. 1975ರಲ್ಲಿ 'ಪ್ರಾಮಿಸ್ಡ್ ವುಮನ್', ಮದುವೆ ಗೊತ್ತಾಗಿ ಗ್ರೀಸ್‌ನಿಂದ ಸಿಡ್ನಿಗೆ ಬಂದಿಳಿದ ಹೆಣ್ಣಿನ ಕಥೆ. 1977ರಲ್ಲಿ 'ಜರ್ನಿ ಅಮಂಗ್ ವಿಮೆನ್', ಜೈಲಿನಿಂದ ತಪ್ಪಿಸಿಕೊಂಡು ಕಾಡು ಸೇರುವ ಕೈದಿ ಹೆಂಗಸರದ್ದು. ಮೂರು ಸಿನಿಮಾ ನಿರ್ದೇಶಿಸಿದವರು ಇನ್ನೊಬ್ಬರ ಕೈಕೆಳಗೆ ಹೋಗಲು ಮುಖ ಸಿಂಡರಿಸಬಹುದಿತ್ತು, ಅಲ್ವಾ? ಇವರು ಹಾಗೆ ಮಾಡಲಿಲ್ಲ. ಮರುವರ್ಷವೇ ಜಾನ್ ಡೂಗನ್ ಅವರ 'ಮೌತ್ ಟು ಮೌತ್'ಗೆ ಕ್ಯಾಮೆರಾ ಹಿಡಿದರು. 1981ರ 'ವಿಂಟರ್ ಆಫ್ ಅವರ್ ಡ್ರೀಮ್ಸ್'ಗೂ ಅವರದೇ ಕ್ಯಾಮೆರಾ.

ಅದಕ್ಕಿಂತ ನನಗೆ ಬೆರಗಾಗುವುದು 1991ರ 'ಅಂಟಾರ್ಕ್ಟಿಕಾ'. ಅದು ಐಮ್ಯಾಕ್ಸ್ ಚಿತ್ರ, ಅಂದರೆ ದೈತ್ಯ ಪರದೆಗೆಂದೇ ತೆಗೆದದ್ದು. ಅದರ ಛಾಯಾಗ್ರಾಹಕರಲ್ಲಿ ಕೋವನ್ ಒಬ್ಬರು. ಐಮ್ಯಾಕ್ಸ್‌ನಲ್ಲಿ ಕ್ಯಾಮೆರಾದೊಳಗೆ 65 ಎಂಎಂ ಫಿಲ್ಮ್ ಅಡ್ಡಡ್ಡ ಓಡುತ್ತದೆ, ಒಂದೊಂದು ಫ್ರೇಮಿಗೆ ಅಂಚಿನ 15 ತೂತಿನಷ್ಟು ಉದ್ದ ಬೇಕು. ಸಾವಿರ ಅಡಿ ರೀಲು ಮಾಮೂಲಿ 35 ಎಂಎಂ ಆದರೆ ಹನ್ನೊಂದು ನಿಮಿಷ ಬರುತ್ತದೆ, ಇಲ್ಲಿ ಮೂರೇ ನಿಮಿಷಕ್ಕೆ ಖಾಲಿ. ಕ್ಯಾಮೆರಾ ಹೊರಲಾರದಷ್ಟು ಭಾರ. ಮೇಲೆ ಚಳಿ, ಆ ಚಳಿಗೆ ಫಿಲ್ಮ್ ಗಡುಸಾಗಿ ಪಟ್ಟನೆ ಮುರಿಯುತ್ತದೆ. ಮಲೆನಾಡಿನ ಕತ್ತಲೆ ಜಗಲಿಯಿಂದ ಆ ಬಿಳಿ ಹಿಮಕ್ಕೆ ಹೋದವರ ಕೆಲಸದ ಪಟ್ಟಿ ನೋಡಿದರೆ ನಿಮ್ಮಮ್ಮ ಏನಂತಾಳೋ!

ಆದರೆ ಒಂದು ನೋಡು. ಅವರು ಎಲ್ಲೆಲ್ಲೋ ಅಲೆದರೂ ಕ್ಯಾಮೆರಾಕ್ಕೆ ಮತ್ತೆ ಮತ್ತೆ ಬಂದರು. ನಿನಗೂ ಅಂಥದ್ದೊಂದು ಬೇಕು. ನನ್ನ ಕೇಳಿದರೆ ಅದು ಸೌಂಡು. ನೀನು ಕಳಿಸಿದ ಆ ಅಡಿಕೆ ಡಾಕ್ಯುಮೆಂಟರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹೆಂಗಸರು ಸುಲಿಯುತ್ತಾ ಸೊಸೆಯಂದಿರನ್ನು ಬೈಯುವುದೂ ಕೇಳುತ್ತದೆ, ಕತ್ತಿಗೆ ಕಾಯಿ ತಾಗುವ ಟಕ್ ಟಕ್ಕೂ ಕೇಳುತ್ತದೆ. ಒಂದು ಇನ್ನೊಂದನ್ನು ನುಂಗುವುದಿಲ್ಲ. ನಿನ್ನ ಎಡಿಟಿಂಗಿನಲ್ಲಿ ನನಗೆ ಅಷ್ಟು ಹಿಡಿತ ಕಾಣಲಿಲ್ಲ, ಬೇಜಾರು ಮಾಡ್ಕೋಬೇಡ. ಹೊಟ್ಟೆಪಾಡಿಗೆ ಮದುವೆ ವಿಡಿಯೋ ಮಾಡು, ತಪ್ಪೇನಿಲ್ಲ. ಸೌಂಡ್ ಕೆಲಸ ಬಂದರೆ ಮಾತ್ರ ದುಡ್ಡು ಸ್ವಲ್ಪ ಕಡಿಮೆಯಾದರೂ ಬಿಡಬೇಡ.

'ಸಂಸ್ಕಾರ'ದ ಟೈಟಲ್ಸ್ ಇನ್ನೊಮ್ಮೆ ನಿಲ್ಲಿಸಿ ನಿಲ್ಲಿಸಿ ನೋಡು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ, ಅಲ್ಲಿ ಸಿನಿಮಾ ನಿರ್ಮಿಸಿದವರು, ನಿರ್ದೇಶನ ಅವರಿಗೆ ಇದೇ ಮೊದಲು. ಕಲಾ ನಿರ್ದೇಶನ ಮಾಡಿದ ಎಸ್.ಜಿ. ವಾಸುದೇವ್ ಚಿತ್ರಕಾರರು. ಸಂಗೀತ ಸರೋದ್ ನುಡಿಸುತ್ತಿದ್ದ ರಾಜೀವ ತಾರಾನಾಥರದ್ದು. ನಾರಣಪ್ಪನ ಪಾತ್ರ ಮಾಡಿದವರು ನಮ್ಮ ಲೇಖಕ ಲಂಕೇಶ್! ಅವರೆಲ್ಲ 'ನನ್ನ ಕೆಲಸ ಇದಲ್ಲ' ಅಂದಿದ್ದರೆ ಆ ಸಿನಿಮಾನೇ ಆಗುತ್ತಿರಲಿಲ್ಲ.

ಕೋವನ್ ಅವರಿಗೆ ಅಲ್ಲಿ ಸಹಾಯಕರಾಗಿದ್ದವರು ಎಸ್. ರಾಮಚಂದ್ರ. ಮುಂದೆ 'ಋಷ್ಯಶೃಂಗ'ಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು, 'ಘಟಶ್ರಾದ್ಧ' ಶೂಟ್ ಮಾಡಿದರು, ಟಿವಿಗೆ 'ಮಾಲ್ಗುಡಿ ಡೇಸ್' ಮಾಡಿದರು. ಅಸಿಸ್ಟೆಂಟ್ ಅಂತ ಹೇಳಿಕೊಳ್ಳಲು ನಿನಗೇಕೆ ನಾಚಿಕೆ?

ಟೈಟಲ್ ಕಾರ್ಡಿನಲ್ಲಿ ಹೆಸರು ಬರುವ ವಿಷಯಕ್ಕೆ ಬರೋಣ. 'ದ್ವೀಪ' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಎಚ್.ಎಂ. ರಾಮಚಂದ್ರ, ಅವರೇ ಬೇರೆ. ಇಬ್ಬರೂ ಛಾಯಾಗ್ರಾಹಕರು, ಇಬ್ಬರೂ ನಿರ್ದೇಶಕ ಕಾಸರವಳ್ಳಿಯವರ ಜೊತೆ ದುಡಿದವರು. ಇನಿಶಿಯಲ್ ಬಿಟ್ಟು ಬರೆದರೆ ಒಬ್ಬರ ಕೆಲಸ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ನೀನು ಒಂದು ಕಡೆ ಅನು, ಇನ್ನೊಂದು ಕಡೆ ಅನುಪಮಾ, ಮತ್ತೊಂದು ಕಡೆ ಅಪ್ಪನ ಹೆಸರು ಸೇರಿಸಿ ಹಾಕಿಸಿಕೊಂಡಿದ್ದೀಯ. ಒಂದನ್ನು ಗಟ್ಟಿ ಮಾಡು. ಒಂದು ನೋಟ್‌ಬುಕ್ ಇಡು. ಯಾವ ಸಿನಿಮಾ, ಯಾರ ಕೈಕೆಳಗೆ, ಯಾವ ತಾರೀಕು, ಏನು ಕೆಲಸ, ಎಷ್ಟು ಕೊಟ್ಟರು, ಎಷ್ಟು ಬಾಕಿ. ಮದುವೆ ವಿಡಿಯೋನೂ ಬರಿ.

ಅಡಿಕೆ ಡಾಕ್ಯುಮೆಂಟರಿಯವರು ನಿನ್ನ ಹೆಸರು ಹಾಕಿಲ್ಲ ಅಂದೆಯಲ್ಲ. ಫೈನಲ್ ಕಾಪಿ ಇನ್ನೂ ಆಗಿಲ್ಲ ತಾನೇ? ಇವತ್ತೇ ಮೇಲ್ ಹಾಕು. ಜಗಳ ಬೇಡ, ಎರಡು ಸಾಲು ಸಾಕು. ಇಂಥ ದಿನಗಳಲ್ಲಿ ಸೌಂಡ್ ರೆಕಾರ್ಡ್ ಮಾಡಿದ್ದೇನೆ, ಹೆಸರು ಹೀಗೆ ಬರಬೇಕು ಅಂತ. ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಅದನ್ನೇ ಮತ್ತೆ ಕಳಿಸು. ನಿಮ್ಮಮ್ಮನ ಹತ್ತಿರ ನಾನು ಮಾತಾಡ್ತೀನಿ.

ಇಂತಿ ನಿನ್ನ
ದೊಡ್ಡಮ್ಮ