ಹಳೇ ಕಾರಿಗೆ ರಬ್ಬರಿನ ಲಂಗ

ಮಾನ್ಯ ಸಂಪಾದಕರೇ,

ಹಳೇ ಕಾರು ಇರುವವರು ಮಳೆಗಾಲದ ಮುಂಚಿನ ಪತ್ತನಾಜೆ ಕಳೆದ ಕೂಡಲೇ ಅದನ್ನು ಶೆಡ್ಡಿನಲ್ಲಿ ಮುಚ್ಚಿಟ್ಟು, ದೀಪಾವಳಿಗೆ ಹೊರಗೆ ತೆಗೆಯಬೇಕು ಎಂದು ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ಬರೆದಿದ್ದರು. ಅವರ ಕಾಳಜಿ ಸರಿ. ಆದರೆ ನಾನು ಒಪ್ಪುವುದಿಲ್ಲ. ಸುಮ್ನೆ ನಿಲ್ಲಿಸಿದ ಕಾರಿನ ಬ್ರೇಕ್ ಜಾಮ್ ಆಗುತ್ತದೆ, ಬ್ಯಾಟರಿ ಇಳಿಯುತ್ತದೆ, ಇಲಿ ವಯರು ಕಡಿಯುತ್ತದೆ. ನಮ್ಮಲ್ಲಂತೂ ಅಡಿಕೆ, ತೆಂಗಿನಕಾಯಿ ಇಡುವ ಶೆಡ್ಡಿನಲ್ಲೇ ಕಾರೂ ಇರುವುದು, ಇಲಿಗಳಿಗೆ ಬೇರೆ ಕರೆಯೋಲೆ ಬೇಡ. ಮಳೆಗಾಲದಲ್ಲೂ ಓಡಿಸಿ, ಆದರೆ ಚಕ್ರದ ಹಿಂದೆ ಒಂದೊಂದು ತುಂಡು ರಬ್ಬರ್, ಅಂದರೆ ಮಡ್‌ಫ್ಲಾಪು, ನೇತುಹಾಕಿ ಓಡಿಸಿ ಎನ್ನುವುದು ನನ್ನ ಮಾತು.

ನನ್ನದು ಟ್ರಯಂಫ್ ಸ್ಪಿಟ್‌ಫೈರ್. ಮಾವ ಬೊಂಬಾಯಿಯಲ್ಲಿದ್ದಾಗ ಯಾರಿಂದಲೋ ಕೊಂಡದ್ದು, ಈಗ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಹಿರಿಯರಿಗೆ ನೆನಪಿರಬಹುದು ಅಲ್ವಾ, ಅದರ ತಮ್ಮನೇ ಇದು. ಅದೇ ಚಾಸಿಯನ್ನು (ಅಡಿಯ ಚೌಕಟ್ಟನ್ನು) ಗಿಡ್ಡ ಮಾಡಿ, ಹೆರಾಲ್ಡಿನ ಮೈಯನ್ನು ಬರೆದ ಇಟಲಿಯ ಮಿಕೆಲೊಟ್ಟಿಯಿಂದಲೇ ಇದರ ಮೈಯನ್ನೂ ಬರೆಸಿ, 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಎರಡು ಸೀಟಿನ ಗಾಡಿ. 1980ರ ತನಕ ಮಾಡಿದರು. ಇದರ ಬಾನೆಟ್ಟು ಮತ್ತು ಮುಂದಿನ ಎರಡು ಮಡ್‌ಗಾರ್ಡು ಎಲ್ಲ ಸೇರಿ ಒಂದೇ ತುಂಡು, ಎತ್ತಿದರೆ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ. ನೋಡಲು ಬಹಳ ಚಂದ. ಆದರೆ ಮಡ್‌ಗಾರ್ಡಿನ ಒಂದು ಮೂಲೆ ತುಕ್ಕು ಹಿಡಿದರೂ ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಿಸುವ ಹಾಗಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಹೆಚ್ಚುಕಡಿಮೆ 3,500 ಮಿಲಿಮೀಟರ್ ಮಳೆ. ಅದರ ಮೇಲೆ ತಲಪಾಡಿಯಿಂದ ಈಚೆ ಹೆದ್ದಾರಿ ಅಗಲ ಮಾಡಲು ಶುರುಮಾಡಿದ ಮೇಲೆ ಸರ್ವಿಸ್ ರಸ್ತೆಯ ಜಲ್ಲಿ, ಡಾಂಬರು, ಕೆಂಪು ಕೆಸರು ಎಲ್ಲ ನೋಡಿದ್ದೇವೆ. ಚಕ್ರ ಎಸೆದ ಕಲ್ಲು ಒಳಗಿನಿಂದ ಮಡ್‌ಗಾರ್ಡಿಗೆ ಬಡಿದು ಬಣ್ಣ ಹಾರುತ್ತದೆ. ಆ ಜಾಗಕ್ಕೆ ಮುರಕಲ್ಲಿನ ಮಣ್ಣು ಕೂತರೆ ಹಪ್ಪಳದ ಹಿಟ್ಟಿನ ಹಾಗೆ ಅಂಟಿಕೊಂಡು, ಮಳೆ ನಿಂತು ಎರಡು ದಿನವಾದರೂ ಒಣಗುವುದಿಲ್ಲ. ಕುಂಬಳೆ, ಉಪ್ಪಳದ ಕಡೆ ಹೋದರೆ ಸಮುದ್ರದ ಉಪ್ಪುಗಾಳಿ ಬೇರೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗೆ ಬಣ್ಣ ಗುಳ್ಳೆ ಎದ್ದು ನಮಗೆ ಕಾಣುವಾಗ ತಗಡು ಮುಗಿದಿರುತ್ತದೆ.

ಮೊದಲು ನಾನು ಮಾಡಿದ್ದು ಶುದ್ಧ ಜಿಪುಣತನ. ಮನೆಯಲ್ಲೇ ರಬ್ಬರ್ ತೋಟ ಇರುವಾಗ ದುಡ್ಡು ಕೊಟ್ಟು ಯಾಕೆ ತರುವುದು ಎಂದು ಹೊಗೆಮನೆಯಿಂದ ಒಂದು ದಪ್ಪ ಶೀಟು ತಂದು ಕತ್ತರಿಸಿ ನೇತುಹಾಕಿದೆ. ಎರಡು ದಿನ ಬಿಸಿಲು ಬಿತ್ತು ನೋಡಿ, ಮೆತ್ತಗಾಗಿ ಉದ್ದಕ್ಕೆ ಇಳಿಯಿತು. ರಸ್ತೆಯ ಜಲ್ಲಿಪುಡಿಯೆಲ್ಲ ಅದಕ್ಕೇ ಅಂಟಿ ಎಳ್ಳುಂಡೆ ಆಗಿತ್ತು. ಗಂಧಕ ಸೇರಿಸಿ ಕಾಯಿಸದಿದ್ದರೆ ರಬ್ಬರ್ ಬಿಸಿಲಿಗೆ ನಿಲ್ಲುವುದಿಲ್ಲ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲೇ ಕಂಡುಕೊಂಡ ವಿಷಯ, ದಿನಾ ಟ್ಯಾಪಿಂಗ್ ಮಾಡಿಸುವ ನನಗೆ ತಲೆಗೆ ಹೋದದ್ದು ಆವತ್ತು. ಆಮೇಲೆ ಲಾರಿಯ ಹಳೇ ಟ್ಯೂಬು. ಅದು ತೆಳು, ಸ್ವಲ್ಪ ಸ್ಪೀಡಾದರೆ ಗಾಳಿಗೆ ಹಿಂದಕ್ಕೆ ಎದ್ದು ಮಲಗಿಬಿಡುತ್ತದೆ, ಇದ್ದೂ ಇಲ್ಲದ ಹಾಗೆ.

ಕೊನೆಗೆ ಸರಿಯಾದದ್ದು ಜಲ್ಲಿ ಕ್ರಶರಿನ ಹಳೇ ಕನ್ವೇಯರ್ ಬೆಲ್ಟು. 5 ಮಿಲಿಮೀಟರ್ ದಪ್ಪದ್ದು ಸಾಕು, ಅದಕ್ಕಿಂತ ದಪ್ಪದ್ದು ಭಾರ ಜಾಸ್ತಿ, ಮಡ್‌ಗಾರ್ಡಿನ ಅಂಚನ್ನೇ ಎಳೆಯುತ್ತದೆ. ಅಳತೆಗೆ ರಟ್ಟು ಬೇಡ, ಅಡಿಕೆ ಹಾಳೆ ತೆಗೆದುಕೊಳ್ಳಿ. ನೀರಿನಲ್ಲಿ ನೆನೆಸಿದರೆ ಚಕ್ರದ ಕಮಾನಿಗೆ ಸರಿಯಾಗಿ ಬಾಗುತ್ತದೆ, ಒಣಗಿದ ಮೇಲೆ ಅದೇ ಆಕಾರ ಹಿಡಿದು ನಿಲ್ಲುತ್ತದೆ, ಕತ್ತಿಯಲ್ಲಿ ಕೊರೆದರೆ ಅಚ್ಚು ರೆಡಿ. ಟಯರಿಗಿಂತ ಎರಡು ಬೆರಳು ಅಗಲ ಇರಲಿ, ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲಲಿ. ಬೆಲ್ಟನ್ನು ಸಾಬೂನು ನೀರು ಹಚ್ಚಿದ ಚಾಕುವಿನಲ್ಲಿ ಕತ್ತರಿಸಿದರೆ ಬೆಣ್ಣೆಯಂತೆ ಅಲ್ಲದಿದ್ದರೂ ಕೈ ನೋಯದೆ ಆಗುತ್ತದೆ. ಬೆಲ್ಟಿನ ಒಳಗೆ ಬಟ್ಟೆಯ ಪದರ ಇದೆ, ಕತ್ತರಿಸಿದ ಅಂಚಿನಲ್ಲಿ ಅದು ನೀರು ಕುಡಿದು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಅಂಚಿಗೆ ಪಂಚರ್ ಅಂಗಡಿಯ ಸೊಲ್ಯೂಷನ್ ಎರಡು ಸಲ ಹಚ್ಚಿ. ತೂತನ್ನು ಚಪ್ಪಲಿ ಹೊಲಿಯುವವರ ಪಂಚಿನಲ್ಲಿ ಗುಂಡಗೆ ಹೊಡೆಸಿ, ಚಾಕುವಿನಲ್ಲಿ ಸೀಳಿದರೆ ಆ ಸೀಳೇ ಹರಿಯುತ್ತಾ ಹೋಗುತ್ತದೆ.

ಈಗ ನನ್ನ ಪೆದ್ದುತನದ ಕಥೆ. ಮೊದಲ ಸಲ ದೊಡ್ಡ ಉಕ್ಕಿನ ಬೋಲ್ಟು ಹಾಕಿ, ಕಳಚಲೇಬಾರದು ಎಂದು ಬಿಗಿದಿದ್ದೆ. ಮನೆಗೆ ಬಂದು ರಿವರ್ಸ್ ತೆಗೆಯುವಾಗ ಅಡಿಕೆ ಅಂಗಳದ ಕಟ್ಟೆಗೂ ಹಿಂದಿನ ಚಕ್ರಕ್ಕೂ ನಡುವೆ ಮಡ್‌ಫ್ಲಾಪು ಸಿಕ್ಕಿಕೊಂಡಿತು. ನನಗೆ ಗೊತ್ತಾಗಲಿಲ್ಲ, ಇನ್ನಷ್ಟು ಎಕ್ಸಿಲರೇಟರ್ ಕೊಟ್ಟೆ. ಕರ್ ಎಂದು ಶಬ್ದ. ರಬ್ಬರಿಗೆ ಏನೂ ಆಗಿರಲಿಲ್ಲ, ಮಡ್‌ಗಾರ್ಡಿನ ಅಂಚು ಮಾತ್ರ ಬಾಳೆ ಎಲೆಯ ಹಾಗೆ ಮಡಚಿತ್ತು. ನಾವು ಇಚ್ಚ ಎಂದು ಕರೆಯುವ ಟಿಂಕರಿಂಗಿನವರು ಬಂದು ನೋಡಿ, "ಮಾಷ್ಟ್ರೇ, ಹರಿಯಬೇಕಾದ್ದು ಹರಿಯಲಿಕ್ಕೆ ಬಿಡಬೇಕು" ಎಂದರು. ಅವರೇ ಹೇಳಿಕೊಟ್ಟದ್ದು ಪ್ಲಾಸ್ಟಿಕ್ ಬೋಲ್ಟು. ಜೋರಾಗಿ ಎಳೆದರೆ ಬೋಲ್ಟು ತುಂಡಾಗಿ ಫ್ಲಾಪು ಕೆಳಗೆ ಬೀಳುತ್ತದೆ, ಹೆಕ್ಕಿಕೊಂಡು ಬಂದರಾಯಿತು. ಮಡ್‌ಗಾರ್ಡಿಗೆ ಹೊಸ ತೂತು ಕೊರೆಯಲೂ ಅವರು ಬಿಡಲಿಲ್ಲ. ಅಂಚನ್ನು ಹಿಡಿಯುವ ಹಾಗೆ ಸಣ್ಣ ಕ್ಲಾಂಪು ಮಾಡಿ, ತಗಡಿಗೆ ತಾಗುವಲ್ಲಿ ಟ್ಯೂಬಿನ ತುಂಡು ಕೊಟ್ಟರು. ತೂತು ಕೊರೆದರೆ ಅಲ್ಲಿಂದಲೇ ತುಕ್ಕಿಗೆ ಬಾಗಿಲು ತೆಗೆದ ಹಾಗೆ. ಮುಂದಿನ ಎರಡನ್ನು ಕಟ್ಟಿದ ಮೇಲೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟಯರು ತಾಗುತ್ತದಾ ನೋಡಿ, ಬಾನೆಟ್ಟನ್ನೂ ಒಮ್ಮೆ ಎತ್ತಿ ನೋಡಿ.

ಫ್ಲಾಪು ಇದೆ ಎಂದು ತೊಳೆಯದೆ ಬಿಡಬೇಡಿ, ಅದರ ಹಿಂದೆಯೂ ಮಣ್ಣು ನಿಲ್ಲುತ್ತದೆ. ನಾನು ಮೇಲಿನ ಒಂದು ಮೂಲೆ ಕತ್ತರಿಸಿ ನೀರಿಗೆ ದಾರಿ ಬಿಟ್ಟಿದ್ದೇನೆ. ವಾರಕ್ಕೊಮ್ಮೆ ಅಡಿಯಿಂದ ಪೈಪಿನಲ್ಲಿ ನೀರು ಬಿಡುವುದು. ಒಂದು ಮಾತು, ಅಡಿಕೆಗೆ ಮದ್ದು ಬಿಡುವ ಪಂಪನ್ನು ಇದಕ್ಕೆ ಉಪಯೋಗಿಸಬೇಡಿ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಇದೆ, ಅದರ ಪಸೆ ಉಳಿದರೆ ಕಬ್ಬಿಣಕ್ಕೆ ಮಳೆಗಿಂತ ಕೆಟ್ಟದು. ನಮ್ಮ ಆಳು ಒಮ್ಮೆ ಹಾಗೆ ತೊಳೆಯಲು ಹೊರಟಿದ್ದ, ನಾನು ಊಟ ಬಿಟ್ಟು ಓಡಿ ಬಂದೆ.

ಚಂದ ಹಾಳಾಗುತ್ತದೆ ಎನ್ನುವವರಿದ್ದಾರೆ. ನನ್ನ ಭಾವನೇ "ಸ್ಪೋರ್ಟ್ಸ್ ಕಾರಿಗೆ ಲಂಗ ಉಡಿಸಿದ್ದೀಯಲ್ಲ" ಎಂದು ನಗಾಡುತ್ತಾನೆ. ನಗಲಿ. ಎರಡು ಮಳೆಗಾಲ ಕಳೆಯಿತು, ಕಳೆದ ತಿಂಗಳು ಚಕ್ರ ಬಿಚ್ಚಿ ಟಾರ್ಚು ಹಾಕಿ ನೋಡಿದೆ, ಹಿಂದಿನ ಮಡ್‌ಗಾರ್ಡಿನ ಒಳಗೆ ಇಚ್ಚ ಬಳಿದ ಪ್ರೈಮರ್ ಹಾಗೇ ಇದೆ.

ಕಳೆದ ವಾರ ಪತ್ರ ಬರೆದವರದು ಯಾವ ಕಾರು ಎಂದು ಗೊತ್ತಿಲ್ಲ. ನನ್ನ ಹಾಳೆಯ ಅಚ್ಚು ಅದಕ್ಕೆ ಕೂರಲಿಕ್ಕಿಲ್ಲ. ಬೆಲ್ಟು ಮಾತ್ರ ಎರಡು ಮೊಳ ಉಳಿದಿದೆ, ಈ ಕಡೆ ಬಂದರೆ ಕೊಂಡುಹೋಗಬಹುದು. ಶೆಡ್ಡಿನಿಂದ ಹೊರಗೆ ತೆಗೆದು, ಅದೇ ಕಾರಿನಲ್ಲಿ ಬರಲಿ.

– ಒಬ್ಬ ನಿವೃತ್ತ ಮಾಷ್ಟ್ರು, ಬದಿಯಡ್ಕ